ಹಂಗಳದ ಹತ್ತು ಘಳಿಗೆ, ಲಂಡನ್ನಿನ ನಾಲ್ಕೂವರೆ

ಟೈಮು ಕೇಳುವ ಜನ, ಹೇಳುವ ನಾನು, ಇಬ್ಬರೂ ಇರುವ ತನಕ ಇಂಥವು ನಡೆಯುತ್ತಲೇ ಇರುತ್ತವೆ. ಐವತ್ತರ ದಶಕದಲ್ಲಿ ನಾನು ಅಂಚೆ ಗುಮಾಸ್ತ. ಚಾಮರಾಜನಗರದಲ್ಲಿದ್ದಾಗ ರೈಲು ಕೂಗಿದರೆ ಸಾಕು, ಊರಿಗೆಲ್ಲ ಟೈಮು ತಿಳಿಯುತ್ತಿತ್ತು. ವರ್ಗವಾಗಿ ಗುಂಡ್ಲುಪೇಟೆಗೆ ಬಂದೆ. ಅಲ್ಲಿ ರೈಲೂ ಇಲ್ಲ, ಕೂಗೂ ಇಲ್ಲ. ಊರ ಟೈಮೆಲ್ಲ ನನ್ನ ತಲೆಗೇ ಬಂತು.

ನಿಂತ ಗಡಿಯಾರ

ಬಂದ ವಾರದಲ್ಲೇ ಕಚೇರಿಯ ಗೋಡೆ ಗಡಿಯಾರಕ್ಕೆ ಕೀಲಿ ಕೊಡುವುದನ್ನು ಮರೆತೆ. ಅದು ಹತ್ತೂ ಹತ್ತಕ್ಕೆ ನಿಂತುಬಿಟ್ಟಿತು. ಸರಿ ಮಾಡಿಕೊಳ್ಳೋಣವೆಂದು ಎದುರಿನ ಕಾಫಿ ಹೋಟೆಲಿಗೆ ಹೋದೆ. ಹೋಟೆಲಿನವರು, ‘ಹತ್ತೂವರೆ ಬಸ್ಸು ಹೊರಟಾಗ ನಾವು ಇಟ್ಕೋತೀವಿ, ಅದಿನ್ನೂ ಹೊರಟಿಲ್ವಲ್ಲ!’ ಎಂದರು. ಬಿಸಿಲು ನೋಡಿದರೆ ನೆತ್ತಿಯ ಮೇಲೆ. ಬಸ್ಸಿನ ಹತ್ತಿರ ಓಡಿದೆ. ಒಳಗೆ ಜನ ಬೆವರುತ್ತಾ ಕೂತಿದ್ದಾರೆ, ಕಂಡಕ್ಟರು ಆರಾಮವಾಗಿ ಬೀಡಿ ಸೇದುತ್ತಿದ್ದಾನೆ.

‘ಯಾಕಪ್ಪಾ ಹೊರಟಿಲ್ಲ?’

‘ಇನ್ನೂ ಇಪ್ಪತ್ತು ನಿಮಿಷ ಅದೆ ಸಾಮಿ. ಈಗ ತಾನೆ ನಿಮ್ಮ ಗಡಿಯಾರ ನೋಡ್ಕೊಂಡು ಬಂದಿವ್ನಿ!’

ಅವತ್ತೇ ಒಂದು ಕೈಗಡಿಯಾರ ಕೊಂಡೆ.

ಬಳಸಿದ ಸೂರ್ಯ

ಆ ಕೈಗಡಿಯಾರ ಕಂಡು ನನ್ನನ್ನು ಹುಡುಕಿಕೊಂಡು ಬಂದವರು ಹತ್ತಿರದ ಹಳ್ಳಿ ಹಂಗಳದ ಯಜಮಾನರು. ಅವರ ಮಗ ದನದ ಡಾಕ್ಟರಿಕೆ ಓದಲು ಲಂಡನ್ನಿನಲ್ಲಿದ್ದ. ಮೇ ತಿಂಗಳಲ್ಲಿ ಮಗಳ ಮದುವೆ, ಅವನು ಬರುವ ಹಾಗಿಲ್ಲ. ‘ಅಣ್ಣ ಅಕ್ಕಿ ಹಾಕ್ದೆ ನಾನು ತಾಳಿ ಕಟ್ಟಿಸ್ಕೊಳಾಕಿಲ್ಲ’ ಎಂದು ಮಗಳು ಹಟ ಹಿಡಿದಿದ್ದಳು. ಅದಕ್ಕೆ ಅಣ್ಣ ಕಾಗದ ಬರೆದಿದ್ದ: ‘ಅಕ್ಷತೆ ಕಳಿಸಿ. ತಾಳಿ ಕಟ್ಟುವ ಹೊತ್ತು ಇಲ್ಲಿನ ಗಡಿಯಾರದಲ್ಲಿ ಎಷ್ಟೆಂದು ತಿಳಿಸಿದರೆ, ಸರಿಯಾಗಿ ಅದೇ ನಿಮಿಷಕ್ಕೆ ನಿಮ್ಮ ಕಡೆ ತಿರುಗಿ ಹಾಕುತ್ತೇನೆ.’

ನಾನು ಹುಮ್ಮಸ್ಸಿನಿಂದ ವಿವರಿಸಿದೆ: ‘ನೋಡಿ ಯಜಮಾನ್ರೆ, ನಮಗೂ ಅವರಿಗೂ ಐದೂವರೆ ಗಂಟೆ ವ್ಯತ್ಯಾಸ. ಸೂರ್ಯ ಮೊದಲು ನಮ್ಮಲ್ಲಿ ಹುಟ್ಟಿ, ಆಮೇಲೆ ಅಲ್ಲಿಗೆ ಹೋಗ್ತಾನೆ.’

‘ಇದೇ ಸೂರ್ಯನಾ?’

‘ಇದೇ.’

ಯಜಮಾನರು ಮೀಸೆ ತಿರುವಿದರು. ‘ಅಲ್ಲಾ ಸಾಮಿ, ಇಷ್ಟು ವರ್ಸ ನಮ್ಮನ್ನ ಆಳುದ್ರಲ್ಲ ಆ ದೊರೆಗಳು, ನಾವು ಬಳಸ್ಬುಟ್ಟಿದ್ದ ಸೂರ್ಯನ್ನ ಬಳಸ್ಕೊಂಡಿದ್ರಾ!’

ನಿಜವಾದ ಟೈಮು

ಮುಹೂರ್ತ ಕೇಳಿದೆ. ‘ಅಯ್ನೋರು ಹೊತ್ತುಟ್ಟಿ ಹತ್ತು ಘಳಿಗೆಗೆ ಅಂದವ್ರೆ’ ಎಂದರು. ಘಳಿಗೆಗೆ ಇಪ್ಪತ್ತನಾಲ್ಕು ನಿಮಿಷ, ಹತ್ತು ಘಳಿಗೆಗೆ ನಾಲ್ಕು ಗಂಟೆ. ಹೊತ್ತು ಹುಟ್ಟುವುದು ಆರಕ್ಕೆ. ಅಲ್ಲಿಗೆ ಬೆಳಿಗ್ಗೆ ಹತ್ತು ಗಂಟೆ. ಆದರೆ ಅವರು ಕೊಟ್ಟ ಲಗ್ನಪತ್ರಿಕೆಯಲ್ಲಿ ಒಂಬತ್ತು ಎಂದು ಅಚ್ಚಾಗಿತ್ತು!

‘ಇದರಲ್ಲಿ ನಿಜವಾದ್ದು ಯಾವುದು ಯಜಮಾನ್ರೆ?’

‘ಹತ್ತೇ ನಿಜ. ನಮ್ಮೋರು ಎಲ್ಗೋದ್ರೂ ಒಂದು ಗಂಟೆ ಲೇಟು. ಹತ್ತು ಅಂದ್ರೆ ಹನ್ನೊಂದಕ್ಕೆ ಬತ್ತಾರೆ. ಒಂಬತ್ತು ಅಂದ್ರೆ ಸರ್ಯಾಗಿ ಬತ್ತಾರೆ.’

ಹತ್ತರಲ್ಲಿ ಐದೂವರೆ ಕಳೆದು, ‘ಅಲ್ಲಿನ ಗಡಿಯಾರದಲ್ಲಿ ಮುಂಜಾನೆ ನಾಲ್ಕೂವರೆ’ ಎಂದು ನಾನೇ ಕಾಗದ ಬರೆದೆ. ತೂಕ ಹೆಚ್ಚದಂತೆ ಅಕ್ಷತೆಯನ್ನು ಕಾಳು ಎಣಿಸಿ ಲಕೋಟೆಗೆ ಹಾಕಿದೆವು. ಹನ್ನೊಂದನೆಯ ಕಾಳಿಗೆ ತಕ್ಕಡಿ ಬಾಗಿತು. ಅದನ್ನು ವಾಪಸ್ ತೆಗೆದು ಯಜಮಾನರು ನನ್ನ ತಲೆಯ ಮೇಲೇ ಹಾಕಿದರು.

ಒಂದು ಗಂಟೆ ಲೇಟು

ಮದುವೆಯ ದಿನ ಒಂಬತ್ತಕ್ಕೆ ಚಪ್ಪರ ಖಾಲಿ. ಹತ್ತಕ್ಕೆ ಭರ್ತಿ. ಹತ್ತು ಹೊಡೆಯುತ್ತಿದ್ದಂತೆ ವಾಲಗ ಜೋರಾಯಿತು. ತಲೆ ಬಗ್ಗಿಸಿದ್ದ ಮದುವಣಗಿತ್ತಿ ಕಣ್ಣೆತ್ತಿ ನನ್ನನ್ನು ಹುಡುಕಿದಳು. ‘ಈಗ ಅಣ್ಣನೂವೆ ಹಾಕ್ತಾ ಅವ್ನೆ ಅಲ್ವಾ ಸಾಮಿ?’

‘ಹಾಕ್ತಾ ಇದ್ದಾನೆ ಕಣಮ್ಮ’ ಎಂದೆ. ಹುಡುಗಿಯ ಮುಖ ಅರಳಿತು. ನನ್ನ ಎದೆಯೂ ಉಬ್ಬಿತು.

ಊಟಕ್ಕೆ ನನ್ನ ಪಕ್ಕದಲ್ಲಿ ಬಂಡೀಪುರದ ಕಾಡಿನ ಸಾಹೇಬರೊಬ್ಬರು ಕೂತರು. ಹಿಂದೆ ಲಂಡನ್ನಿನಲ್ಲಿ ಓದಿ ಬಂದವರು. ನನ್ನ ಪ್ರತಾಪವನ್ನು ಅವರಿಗೆ ಕೊಚ್ಚಿಕೊಂಡೆ. ಅವರು ಹೋಳಿಗೆ ಮುರಿಯುತ್ತಾ, ‘ಅಯ್ಯೋ, ಬೇಸಿಗೆಯಲ್ಲಿ ಅಲ್ಲಿ ಗಡಿಯಾರಗಳನ್ನೆಲ್ಲ ಒಂದು ಗಂಟೆ ಮುಂದಕ್ಕೆ ತಿರುಗಿಸ್ತಾರಲ್ರೀ. ನೀವು ಐದೂವರೆ ಅಂತ ಬರೀಬೇಕಿತ್ತು’ ಎಂದರು.

ಹೋಳಿಗೆ ಎಲೆಗಿಟ್ಟು ಬೆರಳು ಮಡಿಸಿ ಎಣಿಸಿದೆ. ನಾನು ಹೇಳಿದ ಹೊತ್ತಿಗೆ ಅಣ್ಣ ಅಕ್ಷತೆ ಹಾಕಿದ್ದರೆ, ಇಲ್ಲಿ ಆಗ ಒಂಬತ್ತು. ಮದುವಣಗಿತ್ತಿಗೆ ಇನ್ನೂ ಜಡೆ ಹೆಣೆಯುತ್ತಿದ್ದರು! ಆ ಮಗುವಿನ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ. ಮಜ್ಜಿಗೆಗೂ ಕಾಯದೆ ಎದ್ದು ಬಂದೆ. ಆಮೇಲೆ ಹಂಗಳದವರು ಯಾರೇ ಕಚೇರಿಗೆ ಬಂದರೂ ಚೀಲಗಳ ಹಿಂದೆ ಬಗ್ಗಿ ಕೂರುತ್ತಿದ್ದೆ.

ಹತ್ತು ದಿನ ಕಳೆದು ಲಂಡನ್ನಿನ ಕಾಗದ ಬಂತು. ಯಜಮಾನರು ಮಗಳ ಜೊತೆ ಬಂದು, ‘ಓದಿ ಸಾಮಿ’ ಎಂದು ನನ್ನೆದುರಿಗೇ ಕೂತರು. ಬಿಡಿಸಿ ಓದಿದೆ.

‘ಅಪ್ಪಾ, ನನ್ನನ್ನು ಕ್ಷಮಿಸಿ. ತಂಗಿಗೆ ಮಾತ್ರ ಹೇಳಬೇಡಿ. ನಾಲ್ಕೂವರೆಗೆ ಅಲಾರಂ ಇಟ್ಟಿದ್ದೆ. ಹೊಡೆಯಿತು. ಅದರ ತಲೆಗೆ ಕುಟ್ಟಿ ಮತ್ತೆ ಮಲಗಿಬಿಟ್ಟೆ. ಎದ್ದು ನೋಡಿದರೆ ಐದೂವರೆ! ಅಳುತ್ತಲೇ ಹತ್ತು ಕಾಳನ್ನೂ ಹಾಕಿದೆ.’

ಮಗಳ ಕಣ್ಣು ತುಂಬಿತು. ನಾನೋ, ಕುರ್ಚಿ ಉರುಳಿಸಿಕೊಂಡು ಎದ್ದುನಿಂತೆ. ‘ಅಳಬೇಡ ಕಣಮ್ಮ! ತಪ್ಪು ಬರೆದವನು ನಾನು. ಅಲ್ಲಿ ಐದೂವರೆ ಆದಾಗಲೇ ಇಲ್ಲಿ ಹತ್ತು. ನಿನಗೆ ತಾಳಿ ಬಿದ್ದ ನಿಮಿಷಕ್ಕೇ ನಿಮ್ಮಣ್ಣ ಅಕ್ಕಿ ಹಾಕಿದ್ದಾನೆ!’

ಅವಳು ಅಳುತ್ತಲೇ ನಕ್ಕಳು. ಯಜಮಾನರು ಹೆಗಲ ಟವೆಲ್ಲಿನಿಂದ ಕಣ್ಣೊರೆಸಿಕೊಂಡು, ಕಚೇರಿಗೆಲ್ಲ ಕೇಳುವಂತೆ ಹೇಳಿದರು:

‘ನೋಡಿದ್ಯಾ ಕಣಮ್ಮಿ, ಲಂಡನ್ಗೋದ್ರೂ ನನ್ನ ಮಗ ನಮ್ಮೂರ ಟೈಮು ಬುಡ್ನಿಲ್ಲ!’