ಸಾರು ಮುಟ್ಟದ ಕಾಲರಾ ಕ್ರಿಮಿಗಳಿಗೆ

ಕೋಲಾರ, ಮೇ ೧೯೩೭

ಮಾನ್ಯರೇ,

ಸೂಕ್ಷ್ಮದರ್ಶಕಕ್ಕೆ ಮಾತ್ರ ದರ್ಶನ ಕೊಡುವ, ಗಾತ್ರದಲ್ಲಿ ಅತ್ಯಲ್ಪರೂ ಖ್ಯಾತಿಯಲ್ಲಿ ಮಹಾನುಭಾವರೂ ಆದ ತಮ್ಮ ಸನ್ನಿಧಾನಕ್ಕೆ, ನೀರು ಪರೀಕ್ಷೆ ಮಾಡುವ ಈ ಬಡಪಾಯಿಯ ಸಾಷ್ಟಾಂಗ ನಮಸ್ಕಾರಗಳು, ದೂರದಿಂದಲೇ.

ಟೇಕಲ್ಲಿನಲ್ಲಿ ತಾವು ಇಬ್ಬರನ್ನು ಹಾಸಿಗೆ ಹಿಡಿಸಿದ ಮೇಲೆ ಅಲ್ಲಿನ ಸೇದುವ ಬಾವಿಗೆ ಮುಳ್ಳು ಮುಚ್ಚಿಸಿ, ಅದರ ನೀರನ್ನು ಸೀಸೆಯಲ್ಲಿ ತಂದೆವು. ಅದರಲ್ಲಿ ತಾವಿದ್ದೀರೋ ಇಲ್ಲವೋ ತಿಳಿಯಬೇಕಾದರೆ ಮೊದಲು ಊಟ ಹಾಕಬೇಕು. ಉಂಡು ಬೆಳೆದರೆ ತಾನೇ ತಾವು ನಮ್ಮ ಕಣ್ಣಿಗೆ ಬೀಳುವುದು? ಆದಕಾರಣ ಕುರಿಮಾಂಸ ಬೇಯಿಸಿ, ರಸ ಸೋಸಿ, ಪೆಪ್ಟೋನೆಂಬ ಸತ್ವದ ಪುಡಿ, ಉಪ್ಪು ಬೆರೆಸಿ, ತಮಗೆ ಹುಳಿ ಆಗಿಬರದೆಂದು ಲಿಟ್ಮಸ್ ಕಾಗದ ನೀಲಿಯಾಗುವವರೆಗೆ ಸೋಡಾ ಹಾಕಿ, ಮೂರು ದಿನ ಹಬೆ ಕೊಟ್ಟು ಬಡಿಸಿದೆವು. ನನ್ನ ತಂಗಿಯ ಮದುವೆಯಲ್ಲಿ ಬೀಗರಿಗೂ ಇಷ್ಟು ಉಪಚಾರ ನಡೆದಿಲ್ಲ. ತಾವು ಮಾತ್ರ ತುತ್ತೂ ಮುಟ್ಟಲಿಲ್ಲ. ಸೀಸೆ ತಿಳಿಯಾಗಿಯೇ ಉಳಿಯಿತು.

ಆ ಊರಿನ ದೊಡ್ಡಮುನಿಯಮ್ಮ, ಬಾವಿ ಮುಚ್ಚಿದಂದಿನಿಂದ ಮೈಲಿಯಾಚೆಯಿಂದ ನೀರು ಹೊರುತ್ತಿರುವ ಮುದುಕಿ, ರೈಲು ಹತ್ತಿ ಬಂದು, “ಏನ್ ಸಾಮಿ, ನಮ್ ಬಾವಿಗೆ ಮುಳ್ಳಾಕ್ಬುಟ್ಟು ನೀವಿಲ್ಲಿ ಸೀಸೇಲಿ ಸಾರು ಕಾಯಿಸ್ಕೊಂಡು ಕೂತಿದ್ದೀರಾ?” ಎಂದು ವಿಚಾರಿಸಿದಳು. ನಾನು ಸಂತೋಷದಿಂದ ‘ನೀರು ಶುದ್ಧ’ ಎಂದು ಕಾಗದ ಬರೆದೂಬಿಟ್ಟೆ. ಆದರೆ ಕೊಡುವ ಮೊದಲು, ಕಟ್ಟಳೆಯಂತೆ, ಸಾರು ಸರಿಯಿದೆಯೇ ಎಂದು ನೋಡಲು, ಪ್ರಯೋಗಶಾಲೆಯಲ್ಲಿ ನಾವೇ ಸಾಕಿಕೊಂಡಿರುವ ತಮ್ಮ ದಾಯಾದಿಗಳನ್ನು ಅದೇ ಸಾರಿಗೆ ಬಿಟ್ಟು, ಅವಳಿಗೆ ನಾಳೆ ಬಾ ಎಂದೆ. ಮರುದಿನ ನೋಡಿದರೆ ಅವರೂ ಉಪವಾಸ!

ಅನುಮಾನ ಬಂದು, ಒಲೆ ನೋಡಿಕೊಳ್ಳುವ ಆವಲಪ್ಪನನ್ನು ಕೇಳಿದೆ. ಸುತ್ತಮುತ್ತಲ ಬಾಡೂಟಗಳಿಗೆಲ್ಲ ಸೌಟು ಹಿಡಿದ ಕೈ ಅದು. ಕಾಗದ ನೀಲಿಯಾದುದನ್ನು ಕಣ್ಣಾರೆ ಕಂಡು ನಾನು ಕಾಫಿಗೆ ಎದ್ದುಹೋಗಿದ್ದೆ. ಆಮೇಲೆ ಏನು ಮಾಡಿದೆ ಎಂದರೆ, “ಸಪ್ಪೆ ಸಾರನ್ನ ಯಾರ್ ಕುಡೀತಾರೆ ಸಾಮಿ? ಇಳಿಸೋ ಮುಂದೆ ವಸಿ ನಿಂಬೇಹಣ್ಣು ಹಿಂಡ್ದೆ, ಅಷ್ಟೇಯ!” ಎಂದ. ಅವನ ಕೈರುಚಿಯೂ ನನ್ನ ಕಾಫಿಯೂ ಸೇರಿ ಊರಿಗೆ ಊರೇ ಆ ನೀರು ಕುಡಿಯುವುದಿತ್ತು. ಬರೆದ ಕಾಗದ ಹರಿದು ಹಾಕಿದೆ.

ಈಗ ಹೊಸ ಸಾರು ಸಿದ್ಧವಾಗಿದೆ. ಈ ಸಲ ಒಲೆ ಬಿಟ್ಟು ನಾನು ಕದಲಲಿಲ್ಲ. ತಮ್ಮ ದಾಯಾದಿಗಳು ಹೊಟ್ಟೆ ಬಿರಿಯ ಉಂಡು ಅವರ ಸೀಸೆಯನ್ನು ಕದಡಲಿ. ಬಾವಿನೀರಿನ ಸೀಸೆಯಲ್ಲಿ ಮಾತ್ರ ತಾವು ದಯವಿಟ್ಟು ಇರಬಾರದು. ಎಲೆ ಹಾಕಿ, ಬಡಿಸಿ, ಬರಬೇಡಿ ಎಂದು ಕೈಮುಗಿಯುವ ಆತಿಥ್ಯ ವಿಚಿತ್ರವೆನ್ನಿಸಬಹುದು. ಏನು ಮಾಡಲಿ, ದೊಡ್ಡಮುನಿಯಮ್ಮನ ಸೊಂಟ ಇನ್ನೊಂದು ವಾರ ತಡೆಯದು.

ಸೀಸೆಯೊಳಗೆ ಮಾತ್ರ ತಮ್ಮ ವಂಶಾಭಿವೃದ್ಧಿಯನ್ನು ಹಾರೈಸುವ
ತಮ್ಮ ವಿಶ್ವಾಸಿ,
ಕೋದಂಡರಾಮಪ್ಪ, ಬಿ.ಎಸ್‌ಸಿ.

ಮರೆತ ಮಾತು: ಮರುದಿನ ಇದನ್ನು ಮಡಿಸುವ ಮುನ್ನ ಸೀಸೆಗಳನ್ನು ನೋಡಿದೆ. ದಾಯಾದಿಗಳು ಚೆನ್ನಾಗಿ ಉಂಡಿದ್ದಾರೆ. ಬಾವಿನೀರಿನ ಪಂಕ್ತಿಯಲ್ಲಿ ಯಾರ್‍ಯಾರೋ ನಿರಪಾಯದ ನೆಂಟರು ಕೂತಿದ್ದಾರೆಯೇ ಹೊರತು, ಎಷ್ಟು ಹುಡುಕಿದರೂ ತಮ್ಮ ಡೊಂಕು ಮೈಯವರು ಒಬ್ಬರೂ ಇಲ್ಲ. ‘ನೀರು ಶುದ್ಧ’ ಎಂಬ ಹೊಸ ಕಾಗದ ಹಿಡಿದು ಮುದುಕಿ ಹಗ್ಗ, ಬಿಂದಿಗೆ ಇಳಿಸಲು ಹೊರಟಾಯಿತು. ಇದರಿಂದ ನೊಂದು ತಾವು ಖುದ್ದಾಗಿ ಟೇಕಲ್ಲಿಗೆ ದಯಮಾಡಿಸುವುದಾದರೆ, ಸ್ವಾಗತಕ್ಕೆಂದು ಬಾವಿಗೆ ನಿನ್ನೆಯೇ ಬ್ಲೀಚಿಂಗ್ ಪುಡಿ ಹಾಕಿಸಿದ್ದೇವೆ, ಸಂಕೋಚ ಪಡಬೇಡಿ.