ಟೋಕನ್ ಪಡೆಯಲು ಟೋಕನ್ ಹಿಡಿದು ನಿಂತವರ ಪರವಾಗಿ

ವಿಶ್ವವಿದ್ಯಾಲಯದ ಡಿಜಿಟಲ್ ಭದ್ರತಾ ಟೋಕನ್ ವಿತರಣಾ ಯೋಜನಾ ಸಮಿತಿಯ ಸನ್ಮಾನ್ಯ ಅಧ್ಯಕ್ಷರಿಗೆ, ಗ್ರಂಥಾಲಯದ ನೆಲಮಾಳಿಗೆಯಲ್ಲಿ ಹತ್ತೊಂಬತ್ತು ವರ್ಷಗಳಿಂದ ಹರಿದ ಪುಸ್ತಕಗಳಿಗೆ ರಟ್ಟು ಕಟ್ಟುತ್ತಿದ್ದು, ತಮ್ಮ ಕೃಪೆಯಿಂದ ಒಂದೇ ಬೆಳಿಗ್ಗೆಯಲ್ಲಿ ತಾಂತ್ರಿಕ ನೆರವು ಸಿಬ್ಬಂದಿಯಾಗಿಬಿಟ್ಟವಳ ನಮಸ್ಕಾರಗಳು.

ಮಾನ್ಯರೇ,

ಮೊದಲಿಗೆ ತಮ್ಮ ಯೋಜನೆಯನ್ನು ಬಾಯ್ತುಂಬ ಹೊಗಳಲು ಅಪ್ಪಣೆಯಾಗಬೇಕು. ಅರ್ಧ ನಿಮಿಷಕ್ಕೊಮ್ಮೆ ಹೊಸ ಆರು ಅಂಕಿ ತೋರಿಸುವ ಬೆರಳುದ್ದದ ಟೋಕನ್ನನ್ನು ಮೂರು ಸಾವಿರ ಮಂದಿಗೆ ಕೊಟ್ಟು, ಕಲಿಸಿ, ಕಳಿಸಲು ಇಬ್ಬರು ಸಾಕು, ತಲೆಗೆ ನಾಲ್ಕು ನಿಮಿಷ ಸಾಕು ಎಂದು ತಾವು ಅಂದಾಜು ಮಾಡಿದಿರಿ. ಆ ಇಬ್ಬರಲ್ಲಿ ಒಬ್ಬರು ಹೆರಿಗೆ ರಜೆಯಲ್ಲಿದ್ದಾರೆಂಬುದು ಅಂದಾಜಿನ ಅಂದ ಕೆಡಿಸುವ ಸಂಗತಿಯಾದ್ದರಿಂದ ಅದನ್ನು ಬಿಟ್ಟಿರಿ. ಬಳಸುವ ಕ್ರಮವನ್ನು ಎಲ್ಲರಿಗೂ ಇಮೇಲಿನಲ್ಲಿ ಕಳಿಸಿದಿರಿ. ಇಮೇಲು ತೆರೆಯಲು ಟೋಕನ್ ಬೇಕು. ಹೀಗಾಗಿ ಎಲ್ಲರೂ ಟೋಕನ್ ಪಡೆಯಲು ಸರದಿಯ ಟೋಕನ್ ಹಿಡಿದು, ನನ್ನ ಮೇಜಿನಿಂದ ಮೆಟ್ಟಿಲವರೆಗೂ ನಿಂತರು.

ಕಳೆದ ಶುಕ್ರವಾರ ಸಂಜೆ ನಾಲ್ಕೂವರೆಗೆ ಗಣಿತ ವಿಭಾಗದ ಹಿರಿಯ ಮೇಡಂ ಅವರ ಸರದಿ ಬಂತು. ಐದರೊಳಗೆ ಅವರು ಒಪ್ಪಿಗೆ ದಾಖಲಿಸದಿದ್ದರೆ ಅವರ ವಿದ್ಯಾರ್ಥಿನಿಯ ಆರು ವರ್ಷದ ಸಂಶೋಧನಾ ಪ್ರಬಂಧ ಮುಂದಿನ ವರ್ಷಕ್ಕೆ ಹೋಗುತ್ತಿತ್ತು. ಮೇಡಂ ಅವರ ಕೈ ನಡುಗುತ್ತದೆ. ಕಂಪ್ಯೂಟರಿನಲ್ಲಿ ನಾಲ್ಕನೇ ಅಂಕಿ ಒತ್ತುವಷ್ಟರಲ್ಲಿ ಟೋಕನ್ ಬೇರೆ ಅಂಕಿಗಳಿಗೆ ಹಾರುತ್ತದೆ. ಐದು ಸಲ ಸೋತ ಮೇಲೆ, ಜೀವನವಿಡೀ ಅಂಕಿಗಳ ಜೊತೆ ಕಳೆದ ಆ ತಾಯಿ ನನ್ನತ್ತ ತಿರುಗಿ, "ಇವಕ್ಕೆ ನನ್ನ ಗುರುತೇ ಸಿಗ್ತಿಲ್ಲ ಕಣಮ್ಮಾ" ಎಂದು ನಕ್ಕರು. ಬಾಗಿಲ ಬಳಿ ನಿಂತಿದ್ದ ವಿದ್ಯಾರ್ಥಿನಿ ಗಡಿಯಾರ ನೋಡುವುದನ್ನು ಬಿಟ್ಟು ನೆಲ ನೋಡತೊಡಗಿದ್ದಳು.

ತಮ್ಮ ಯೋಜನೆಯ ಹದಿನೇಳನೇ ಪುಟದ ಪ್ರಕಾರ ನೆರವು ಸಿಬ್ಬಂದಿ ಇನ್ನೊಬ್ಬರ ಅಂಕಿಗಳನ್ನು ಕಿವಿಯಲ್ಲೂ ಕೇಳಕೂಡದು. ಮೇಡಂ ಗಟ್ಟಿಯಾಗಿ ಓದಿದರು, ನಾನು ಕೇಳಿದ್ದಲ್ಲದೆ ಒತ್ತಿಯೂ ಬಿಟ್ಟೆ. ಐದಕ್ಕೆ ಮೂರು ನಿಮಿಷವಿರುವಾಗ ಒಪ್ಪಿಗೆ ದಾಖಲಾಯಿತು. ಹುಡುಗಿ ಓಡಿಬಂದು ನಮ್ಮಿಬ್ಬರನ್ನೂ ಒಟ್ಟಿಗೇ ತಬ್ಬಿಕೊಂಡಳು, ಇಡೀ ಸಾಲು ಚಪ್ಪಾಳೆ ತಟ್ಟಿತು. ಆದ್ದರಿಂದ ತಮಗೆ ಸಾಕ್ಷಿಗಳ ಕೊರತೆಯಿಲ್ಲ.

ಸೋಮವಾರ ತಾವು ನನ್ನ ಟೋಕನ್ನನ್ನು ಹಿಂಪಡೆದು, ಏಕೆ ಕ್ರಮ ಜರುಗಿಸಬಾರದೆಂದು ಅದೇ ಟೋಕನ್ ಬಳಸಿ ಆನ್‌ಲೈನಿನಲ್ಲಿ ಉತ್ತರಿಸಲು ಆಜ್ಞಾಪಿಸಿದ್ದೀರಿ. ಸಾಲು ಕರಗದ ಕಾರಣ ಮೇಜಿನಿಂದ ಮಾತ್ರ ಬಿಡುಗಡೆಯಿಲ್ಲವಂತೆ. ಪಶ್ಚಾತ್ತಾಪ ಬರೆಯಲೆಂದೇ ಕೂತೆ. ಎಷ್ಟು ತಿಣುಕಿದರೂ ಬರಲಿಲ್ಲ. ಬಂದದ್ದನ್ನು ಗ್ರಂಥಾಲಯದ ಬಾಗಿಲಿಗೆ ಅಂಟಿಸುತ್ತಿದ್ದೇನೆ. ಅರ್ಧ ನಿಮಿಷವು ಕೈ ನಡುಗುವವರ ಪಾಲಿಗೆ ತುಸು ಉದ್ದವಾಗುವಂತೆ ತಾವು ಕಾಲಕ್ಕೇ ಒಂದು ಸುತ್ತೋಲೆ ಹೊರಡಿಸಬೇಕು. ಅದು ತಮ್ಮ ಅಧಿಕಾರ ಮೀರಿದ್ದಾದರೆ, ಇನ್ನೂ ನಾಲ್ಕು ಜನ ಮನುಷ್ಯರನ್ನಾದರೂ ಕಳಿಸಬೇಕು.

ಹದಿನೇಳನೇ ಪುಟ ಮೀರಿಯೂ ತಮ್ಮ ವಿಶ್ವಾಸಿ,
ನೆಲಮಾಳಿಗೆಯ ರಟ್ಟು ಕಟ್ಟುವವಳು

ತಾಜಾ ಕಲಂ: ನೋಟಿಸು ತಂದ ತಮ್ಮ ಕಚೇರಿಯ ಜವಾನರು ಜೇಬಿನಿಂದ ಸಾಕ್ಷಾತ್ ಅಧ್ಯಕ್ಷರ ಟೋಕನ್ ತೆಗೆದು, "ಸಾಹೇಬ್ರಿಗೆ ಇದು ಹತ್ತು ದಿನದಿಂದ ಬಗ್ತಾನೇ ಇಲ್ಲ, ಯಾರಿಗೂ ಹೇಳ್ಬೇಡಿ" ಎಂದು ನನ್ನ ಕಿವಿಯಲ್ಲಿ ಉಸುರಿದರು. ಖಂಡಿತ ಯಾರಿಗೂ ಹೇಳುವುದಿಲ್ಲ. ಸಾಲಿನಲ್ಲಿ ತಮ್ಮ ಸರದಿಯ ಟೋಕನ್ ನಾನೂರ ಹನ್ನೆರಡು.