ಹೆಲ್ಮೆಟ್ ಬಿಸ್ಕೀಟು

ಥೀಮ್ ಎಂಬ ಪದ ನಮ್ಮ ಹಾವೇರಿ ಜಿಲ್ಲೆಗೆ ಯಾವ ಬಸ್ಸಿನಲ್ಲಿ ಬಂದಿಳಿಯಿತೋ ನನಗೆ ಗೊತ್ತಿಲ್ಲ. ಇಳಿದದ್ದು ವಾಪಸು ಹೋಗುವ ಲಕ್ಷಣವಂತೂ ಕಾಣುತ್ತಿಲ್ಲ. ಮೊದಲು ಹುಟ್ಟಿದ ದಿನವೆಂದರೆ ತಲೆಗೆ ಎಣ್ಣೆ, ಗುಡಿಗೊಂದು ಕಾಯಿ, ಮಧ್ಯಾಹ್ನ ಶಾವಿಗೆ ಪಾಯಸ. ಅಲ್ಲಿಗೆ ಮುಗಿಯಿತು, ಹುಟ್ಟಿದವರೂ ಸುಮ್ಮನಾಗುತ್ತಿದ್ದರು. ಈಗ ಎಲ್ಲಕ್ಕೂ ಥೀಮು ಬೇಕು. ಈಚೆಗೆ ನಮ್ಮ ಕಾಲೇಜಿನವರೊಬ್ಬರ ಮಗಳ ಸೀಮಂತಕ್ಕೆ ಕಾಡಿನ ಥೀಮೆಂದು ಹೇಳಿ ಆ ಬಸುರಿ ಹುಡುಗಿಯನ್ನು ಪ್ಲಾಸ್ಟಿಕ್ ಜಿರಾಫೆಯ ಪಕ್ಕ ಕೂರಿಸಿದ್ದರು. ಆರತಿ ಎತ್ತಲು ಬಂದ ಅಜ್ಜಿಯೊಬ್ಬಳು ಯಾಕೆ ಬಿಡಬೇಕೆಂದು ಜಿರಾಫೆಗೂ ಕುಂಕುಮ ಹಚ್ಚಿದಳು.

ನಾನು ಇಂಥದ್ದಕ್ಕೆ ಮೂಗು ಮುರಿಯುವವಳು. ಹಾವೇರಿಯಲ್ಲಿ ಸಸ್ಯಶಾಸ್ತ್ರ ಕಲಿಸುತ್ತೇನೆ, ರಾಣೆಬೆನ್ನೂರಿನಿಂದ ದಿನವೂ ರೈಲಿನಲ್ಲಿ ಹೋಗಿ ಬರುತ್ತೇನೆ. ಆ ಪ್ರಯಾಣದಲ್ಲಿ ಜಗತ್ತನ್ನು ಆಡಿಕೊಳ್ಳುವಷ್ಟು ಸಮಯ ಆರಾಮಾಗಿ ಸಿಗುತ್ತದೆ. ನನ್ನ ತಂಗಿ ವೀಣಾ ನಡುವಿನ ಬ್ಯಾಡಗಿಯಲ್ಲಿರುವುದರಿಂದ ಆಡಿಕೊಳ್ಳುವುದು ಬಹಳ ಸಲ ಅವಳ ಮನೆಯಿಂದಲೇ ಶುರುವಾಗುತ್ತದೆ. ಅವಳ ಗಂಡ ಶಿವಾನಂದ ಮೆಣಸಿನಕಾಯಿ ವ್ಯಾಪಾರಿ. ಮಾರುಕಟ್ಟೆಯ ಯಾರ್ಡಿನಲ್ಲಿ ಅಂಗಡಿ, ಊರಾಚೆ ಕೋಲ್ಡ್ ಸ್ಟೋರೇಜು. ಒಳ್ಳೆಯ ಮನುಷ್ಯ, ಆದರೆ ಬಿಡುವು ಸಿಕ್ಕರೆ ಮೊಬೈಲಿನಲ್ಲಿ ಒಂದು ಯುದ್ಧದ ಆಟ ಆಡುತ್ತಾನೆ. ವಿಮಾನದಿಂದ ಪ್ಯಾರಾಚೂಟಿನಲ್ಲಿ ಇಳಿಯುವುದು, ಕಂಡವರ ಮನೆ ಹೊಕ್ಕು ಬಂದೂಕು, ಹೆಲ್ಮೆಟ್ಟು ಬಾಚಿಕೊಳ್ಳುವುದು, ಆಮೇಲೆ ಎದುರಿಗೆ ಬಂದವರನ್ನು ಸುಡುವುದು. ನಿಜಜೀವನದಲ್ಲಿ ತನ್ನ ಮನೆಯ ಮೆಟ್ಟಿಲೇರಿದರೆ ಏದುಸಿರು ಬಿಡುವವನು ಆಟದಲ್ಲಿ ಕಾಂಪೌಂಡು ಹಾರುವುದನ್ನು ನಾನೇ ಕಂಡಿದ್ದೇನೆ.

ಈ ಸಲ ಅವನಿಗೆ ನಲವತ್ತು ತುಂಬುತ್ತದೆಂದು ವೀಣಾ ಪಾರ್ಟಿ ಇಟ್ಟುಕೊಂಡಳು. ಥೀಮು, ಅವನ ಆಟ. ಹಸಿರು ಬಲೂನು, ಪರದೆ, ಕೇಕು ಎಲ್ಲ ಗೊತ್ತುಮಾಡಿದ್ದಳು. ಹೆಲ್ಮೆಟ್ಟು, ಪ್ಯಾರಾಚೂಟು, ಪಿಸ್ತೂಲಿನ ಆಕಾರದ ಬಣ್ಣದ ಕುಕ್ಕಿಗಳನ್ನು ಮಾಡಿಕೊಡುವವರು ಮಾತ್ರ ಸಿಗಲಿಲ್ಲವಂತೆ. ಹಾವೇರಿಯ ಬೇಕರಿಯವನು ಕೇಕಿನ ಮೇಲಾದರೆ ಫೋಟೊ ಹಾಕುತ್ತೇನೆ, ಬಿಸ್ಕೀಟಿನ ಮೇಲೆ ಚಿತ್ರ ಬರೆಯುತ್ತ ಕೂತರೆ ಬೇಕರಿ ನೋಡಿಕೊಳ್ಳುವವರು ಯಾರು ಎಂದನಂತೆ. ಇದನ್ನೆಲ್ಲ ಫೋನಿನಲ್ಲಿ ಕೇಳಿ ನಾನು ನಕ್ಕೆ. ನಲವತ್ತರ ಗಂಡಸಿಗೆ ಬಿಸ್ಕೀಟಿನ ಬಂದೂಕೇ ಎಂದೆ. ಬಿಸ್ಕೀಟಿಗೆ ಬಣ್ಣ ಬಳಿಯುವುದೇನು ಮಹಾವಿದ್ಯೆಯೇ ಎಂದೂ ಸೇರಿಸಿದೆ.

"ಅಕ್ಕಾ, ನಮ್ಮ ಮನ್ಯಾಗ ಏನ್ ಮಾಡಿದ್ರೂ ನಿನಗ ನಗಿ ಬರ್ತೈತಿ," ಎಂದಳು ವೀಣಾ. "ಅಷ್ಟು ಹಗೂರ ಇದ್ರ ನೀನ ಮಾಡ್ಕೊಂಡ ಬಾ. ಇಲ್ಲಂದ್ರ ಬಂದು ಸುಮ್ನ ಉಂಡು ಹೋಗು."

ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಜಗಳವಾಡಿ ತಪ್ಪಿಸಿಕೊಳ್ಳಬಹುದಿತ್ತು. ಮಾಡಿಕೊಂಡು ಬರುತ್ತೇನೆಂದು ಒಪ್ಪಿಕೊಂಡೆ.

ಮೊದಲು ಕಲಿಯಬೇಕಲ್ಲ. ಯೂಟ್ಯೂಬಿನಲ್ಲಿ ಒಬ್ಬ ಹೆಂಗಸು ಮುಖದ ಪೌಡರು ಕೆಡದಂತೆ ಇಡೀ ಸೈನ್ಯದ ಕುಕ್ಕಿ ಮಾಡಿ ಮುಗಿಸಿದಳು. ಅವಳ ಅಡುಗೆಮನೆಯಲ್ಲಿ ಒಂದು ಒಗ್ಗರಣೆ ಸಟ್ಟುಗವೂ ಕಾಣಲಿಲ್ಲ; ಆ ಮನೆಯವರು ಅನ್ನ ಉಣ್ಣುತ್ತಾರೋ ಇಲ್ಲವೋ. ನಾನು ಅವಳ ಮಾತನ್ನು ಅರ್ಧ ಕೇಳಿ, ನನಗೆ ಗೊತ್ತಿದ್ದ ನಾನಕಟಾಯಿಯ ಹಿಟ್ಟನ್ನೇ ಕಲಸಿದೆ. ನಾವು ಚಿಕ್ಕವರಿದ್ದಾಗ ಅವ್ವ ಹಿಟ್ಟು, ಸಕ್ಕರೆ, ಡಾಲ್ಡಾ ಕೊಟ್ಟು ಬೇಕರಿಯ ಭಟ್ಟಿಯಲ್ಲಿ ಡಬ್ಬಿಗಟ್ಟಲೆ ಬಿಸ್ಕೀಟು ಮಾಡಿಸುತ್ತಿದ್ದಳು. ಅವು ದುಂಡಗಿರುತ್ತಿದ್ದವು, ಬೇರೆ ಆಕಾರ ಬೇಕೆಂದು ಯಾರೂ ಕೇಳಿರಲೂ ಇಲ್ಲ. ಹಿಟ್ಟಿಗೆ ಸೋಡಾ ಹಾಕಿದರೆ ಆಕಾರ ಹಿಗ್ಗುತ್ತದೆಂಬುದು ಅದಕ್ಕೇ ನನಗೆ ತಿಳಿದಿರಲಿಲ್ಲ. ಓವನ್ನಿನ ಬಾಗಿಲು ತೆಗೆದಾಗ ಪ್ಯಾರಾಚೂಟು ನಾಯಿಕೊಡೆಯಾಗಿತ್ತು. ಹೆಲ್ಮೆಟ್ಟುಗಳು ಒಂದಕ್ಕೊಂದು ಅಂಟಿಕೊಂಡು ನೆಂಟಸ್ತನ ಬೆಳೆಸಿದ್ದವು. ನಮ್ಮ ಮನೆಯವರು ಬೀಜದ ಕಂಪನಿಯಲ್ಲಿ ಕಾಳಿನ ರೂಪ ನೋಡಿ ತಳಿ ಹೇಳುವ ಮನುಷ್ಯ. ಒಂದು ಪಿಸ್ತೂಲನ್ನು ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ, ನಲ್ಲಿಯೇ ಎಂದು ಕೇಳಿದರು. ಆ ನಲ್ಲಿಯನ್ನು ಅವರು ಚಹಾದಲ್ಲಿ ಅದ್ದಿ ತಿಂದರು.

ಸೋಡಾ ಬಿಟ್ಟು ಎರಡನೆಯ ಸಲ ಮಾಡಿದಾಗ ಆಕಾರ ನಿಂತಿತು. ಆಮೇಲೆ ಬಣ್ಣ. ಯೂಟ್ಯೂಬಿನವಳು ಅದಕ್ಕೆ ತತ್ತಿಯ ಬಿಳಿ ಹಾಕಿದ್ದಳು; ನಮ್ಮಲ್ಲಿ ತತ್ತಿ ನಡೆಯುವುದಿಲ್ಲವಾದ್ದರಿಂದ ಸಕ್ಕರೆ ಪುಡಿಗೆ ಹಾಲು, ಬಣ್ಣ ಹಾಕಿ ಕಲಸಿದೆ. ಹಾಲು ಒಂದು ಹನಿ ಹೆಚ್ಚಾದರೆ ಹೆಲ್ಮೆಟ್ಟಿನ ಹಸಿರು ತಟ್ಟೆಗೆ ಹರಿಯುತ್ತಿತ್ತು, ಕಡಿಮೆಯಾದರೆ ಬಿಸ್ಕೀಟಿಗೆ ಹಿಡಿಯುತ್ತಲೇ ಇರಲಿಲ್ಲ. ಹಾಲಿನ ಪಾಕೀಟನ್ನು ತೊಳೆದು ಮೆಹಂದಿಯ ಕೋನಿನಂತೆ ಸುತ್ತಿಕೊಂಡು, ಊಟ ಬಿಟ್ಟು, ಬಗ್ಗಿ ಕೂತು ಗೆರೆ ಎಳೆದೆ. ಒಂದು ಹಂತದಲ್ಲಿ ನನ್ನ ಕೈಗೆ ಕಸುಬು ನೆನಪಾಯಿತು. ಉದ್ದಕ್ಕೆ ಸೀಳಿದ ದಾಸವಾಳದ ಚಿತ್ರವನ್ನು ವರ್ಷಗಟ್ಟಲೆ ಬೋರ್ಡಿನ ಮೇಲೆ ಬರೆದ ಕೈ ಅದು. ಹೆಲ್ಮೆಟ್ಟಿನ ಗಾಜು, ಪಟ್ಟಿ, ಬಕಲ್ಲು ಎಲ್ಲ ತಾವಾಗಿಯೇ ಬಂದು ಕೂತವು. ಭಾಗಗಳನ್ನು ಗುರುತಿಸಿ ಹೆಸರು ಬರೆಯುವುದೊಂದು ಬಾಕಿ. ನಮ್ಮವರು ಬಂದು ನೋಡಿ ಏನೂ ಕೇಳದೆ ಹೋದರು. ಅಂದರೆ ಗುರುತು ಸಿಕ್ಕಿತು ಎಂದರ್ಥ.

ಪಾರ್ಟಿಯ ದಿನ ಡಬ್ಬಿಗಳನ್ನು ತೊಡೆಯ ಮೇಲಿಟ್ಟುಕೊಂಡು ಕಾರಿನಲ್ಲಿ ಕೂತೆ. ಮೋಟೆಬೆನ್ನೂರಿನ ಹತ್ತಿರ ಹೆದ್ದಾರಿ ಬಿಟ್ಟು ತಿರುಗುವಾಗ ಬಂದ ರಸ್ತೆಯುಬ್ಬಿಗೆ ಎರಡು ಪ್ಯಾರಾಚೂಟು ಮುರಿದವು. ಮನೆ ಮುಟ್ಟಿದ ಮೇಲೆ ಉಳಿದವನ್ನು ವೀಣಾ ಮುಚ್ಚಳ ತೆಗೆದು ನೋಡಿದಳು, ನನ್ನ ಮುಖ ನೋಡಿದಳು, ದೊಡ್ಡ ತಾಟು ತರಲು ಒಳಗೆ ಹೋದಳು. ಅವಳ ಅತ್ತೆ ಮಾತ್ರ ಒಂದನ್ನು ಕೈಗೆತ್ತಿಕೊಂಡು, ಹುಟ್ಟಿದ ದಿನ ಪಿಸ್ತೂಲು ತಿನ್ನುವುದು ಯಾವ ಪದ್ಧತಿ ಎಂದು ವಿಚಾರಿಸಿದರು. ಅವರೊಬ್ಬರೇ ಆ ಮನೆಯಲ್ಲಿ ನನ್ನ ಪಕ್ಷದವರು.

ಸಂಜೆ ಯಾರ್ಡಿನ ವ್ಯಾಪಾರಿಗಳೆಲ್ಲ ಬಿಳಿ ಅಂಗಿ ತೊಟ್ಟು ಬಂದರು. ಮೆಣಸಿನಕಾಯಿಯ ಘಾಟು ಅವರ ಜೊತೆಗೇ ಒಳಗೆ ಬಂದದ್ದರಿಂದ ಹುಟ್ಟುಹಬ್ಬದ ಹಾಡನ್ನು ಎಲ್ಲರೂ ಸೀನುತ್ತ ಹಾಡಿದರು. ಕೇಕು ಕತ್ತರಿಸಿದ ಮೇಲೆ ಜನ ತಾಟಿನ ಕಡೆ ಕೈಚಾಚಿದರು. ಶಿವಾನಂದ ತಾಟನ್ನು ಎತ್ತಿ ಎದೆಗೆ ಹಿಡಿದುಕೊಂಡ.

"ಇವನ್ನ ಯಾರೂ ತಿನಬ್ಯಾಡ್ರಿ," ಎಂದ.

ಅಷ್ಟರಲ್ಲಿ ಒಂದು ಹೆಲ್ಮೆಟ್ಟು ಬಾಯಿಗೆ ಹಾಕಿಕೊಂಡಿದ್ದ ಹಿರಿಯ ದಲಾಲರೊಬ್ಬರು ಅಗಿಯಬೇಕೋ ಬೇಡವೋ ತಿಳಿಯದೆ ಹಾಗೇ ನಿಂತರು. ನಾನು ಹತ್ತಿರ ಹೋಗಿ, ತಿನ್ನಲಿಕ್ಕೇ ಮಾಡಿದ್ದು, ಕೊಡು ಎಂದೆ. ಅವನು ತಾಟು ಬಿಡಲಿಲ್ಲ.

"ನಾ ಹುಟ್ಟಿದ್ದ ಸೀಜನ್ನಿನಾಗ್ರಿ ಅಕ್ಕಾರ," ಎಂದ ಮೆಲ್ಲಗೆ. "ಯಾರ್ಡ್ ತುಂಬಿರೂ ಹೊತ್ತಿನ್ಯಾಗ ನನ್ನ ಹುಟ್ಟಿದ ದಿನ ಯಾರಿಗೂ ನೆನಪ ಆಗ್ತಿದ್ದಿಲ್ಲ. ನಮ್ಮಪ್ಪಗಂತೂ ಇಲ್ಲ. ನೀವು ನನ್ನ ಸಲುವಾಗಿ ಕುಂತು ಇಷ್ಟು ಬರದೀರಿ. ಹೆಂಗ ತಿನ್ನೂದ್ರಿ?"

ನಲವತ್ತರ ಗಂಡಸು, ಎದೆಯ ಮೇಲೆ ಬಿಸ್ಕೀಟಿನ ತಾಟು, ಕಣ್ಣಲ್ಲಿ ನೀರು. ಘಾಟಿಗೆ ಬಂದ ನೀರಿರಬಹುದು. ವೀಣಾ ನನ್ನ ಕೈ ಹಿಡಿದುಕೊಂಡಿದ್ದಳು.

ಹೊರಗಿಟ್ಟರೆ ಕೆಡುತ್ತವೆಂದು ಅವನು ಮರುದಿನವೇ ಅವನ್ನು ಗಾಜಿನ ಪೆಟ್ಟಿಗೆಯಲ್ಲಿ ಹಾಕಿ ಕೋಲ್ಡ್ ಸ್ಟೋರೇಜಿನಲ್ಲಿಟ್ಟ. ಒಂದು ಜಿಲ್ಲೆಯ ಒಗ್ಗರಣೆಗಾಗುವಷ್ಟು ಮೆಣಸಿನಕಾಯಿ ಚೀಲಗಳ ನಡುವೆ ನನ್ನ ಪಿಸ್ತೂಲು, ಪ್ಯಾರಾಚೂಟುಗಳು ತಣ್ಣಗಿವೆ. ದೂರದ ಖರೀದಿದಾರರು ಬಂದರೆ ಮಾಲು ತೋರಿಸುವ ಮೊದಲು ಅವನ್ನು ತೋರಿಸುತ್ತಾನಂತೆ. ಇಂಥ ಹುಚ್ಚು ನಾನೆಲ್ಲೂ ಕಂಡಿಲ್ಲವೆಂದು ರೈಲಿನಲ್ಲಿ ಎಲ್ಲರಿಗೂ ಹೇಳಿ ನಗಿಸಿದ್ದೇನೆ.

ಕಳೆದ ಭಾನುವಾರ ಬ್ಯಾಡಗಿಗೆ ಹೊರಟಾಗ, ಈ ಸುಡುಬಿಸಿಲಿನಲ್ಲಿ ಶಾಲು ಯಾಕೆ ಎಂದು ನಮ್ಮವರು ಕೇಳಿದರು. ತಂಗಿಗೆ ಕೊಡಲಿಕ್ಕೆ ಎಂದೆ. ಅದನ್ನು ಹೊದ್ದುಕೊಂಡು ಕೋಲ್ಡ್ ಸ್ಟೋರೇಜಿನೊಳಗೆ ಆ ಗಾಜಿನ ಪೆಟ್ಟಿಗೆಯ ಮುಂದೆ ಬಹಳ ಹೊತ್ತು ನಿಂತಿದ್ದೆ. ಪೆಟ್ಟಿಗೆಗೆ ತಾಗುವಂತೆ ಯಾರೋ ಒಂದು ಚೀಲ ಒರಗಿಸಿದ್ದರು. ಮ್ಯಾನೇಜರನನ್ನು ಕರೆಸಿ, ಹಲ್ಲು ಕಟಕಟನೆ ಬಡಿದುಕೊಳ್ಳುತ್ತಿದ್ದರೂ ಬಿಡದೆ, ಸರಿಯಾಗಿ ಬೈದು ಬಂದೆ.